ಹದಿನಾಲ್ಕು ಹಲ್ಲಿನ ಭಾಮಿನಿ

ಸದ್ದು ಹೇಗೆ ಬರುತ್ತದೆ, ಮಾಡಿ ತೋರಿಸಿ ಎಂದರೆ ಟ್ರ್ಯಾಕ್ಟರ್ ಮಾಲೀಕರು ಮೊದಲು ನಾಚಿಕೊಳ್ಳುತ್ತಾರೆ. ಒತ್ತಾಯ ಮಾಡಿದ ಮೇಲೆ ಒಬ್ಬೊಬ್ಬರ ಬಾಯಿಂದ ಒಂದೊಂದು ಜೀವ ಹೊರಡುತ್ತದೆ. ಡಭೋಯಿಯ ಯಜಮಾನರೊಬ್ಬರು ಹೊಸ ಗಾಡಿಯ ದೂರನ್ನು ಎಮ್ಮೆಯ ನಿಟ್ಟುಸಿರಾಗಿ ಹೇಳಿದ್ದರು. ಕರ್ಜಣದ ಇನ್ನೊಬ್ಬರು ಒಳಗಿನಿಂದ ಎರಡು ಸ್ಟೀಲ್ ಲೋಟ ತರಿಸಿ, ಒಂದರೊಳಗೊಂದು ಆಡಿಸಿ, "ಇದಕ್ಕಿಂತ ಸ್ವಲ್ಪ ಸಿಟ್ಟಿನದು" ಎಂದಿದ್ದರು. ನಾನು ನಮ್ಮ ಕಂಪನಿಯ ವಡೋದರಾ ಡಿಪೋದಲ್ಲಿ ವಾರಂಟಿ ಎಂಜಿನಿಯರ್. ಹೊಸ ಟ್ರ್ಯಾಕ್ಟರಿನಲ್ಲಿ ಸದ್ದು ಬಂತೆಂದರೆ ಹೋಗಿ ಕೇಳುವುದು, ಅದು ಕಂಪನಿಯ ತಪ್ಪೋ ಅಲ್ಲವೋ ಎಂದು ಬರೆದು ಕಳಿಸುವುದು, ಇಷ್ಟೇ ನನ್ನ ಕೆಲಸ.

ಶಕುಂತಲಾಬೆನ್ ನಾಚಲಿಲ್ಲ. ಪಾದರಾ ದಾಟಿದ ಮೇಲಿನ ಹಳ್ಳಿಯಲ್ಲಿ ಅವರ ಮನೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳದ ಈ ತುದಿಯಿಂದ ಆ ತುದಿಗೆ ಕುಂಟುತ್ತಾ ನಡೆದು ತೋರಿಸಿದರು. ಒಂದು ಹೆಜ್ಜೆ ಚುರುಕು, ಇನ್ನೊಂದು ಹೆಜ್ಜೆ ಕೂದಲೆಳೆಯಷ್ಟು ತಡ.

"ಹೀಗೆ ಸಾಹೇಬ್. ನಮ್ಮ ಅತ್ತೆ ಮಂಡಿ ಆಪರೇಶನ್ನಿಗೆ ಮುಂಚೆ ಮೆಟ್ಟಿಲು ಇಳಿಯುತ್ತಿದ್ದ ಹಾಗೆ. ಇದು ಸದ್ದಲ್ಲ, ನಡಿಗೆ."

ತೂಗುಮಣೆಯ ಮೇಲೆ ಕೂತಿದ್ದ ಠಾಕೋರಭಾಯ್ ಕಾಲಿನಿಂದ ನೆಲ ಒದ್ದು ತೂಗಿಕೊಂಡರು. ಅವರು ಶಕುಂತಲಾಬೆನ್ನರ ಗಂಡನ ಅಣ್ಣ. "ಕೇಳಿದಿರಾ? ಇಂಥದ್ದನ್ನು ಕೇಳೋಕೆ ಇಷ್ಟು ದೂರದಿಂದ ಬಂದಿರಿ! ಎರಡು ಸಲ ಎಂಜಿನಿಯರುಗಳು ಬಂದು ಹೋದರು. ಏನೂ ಇಲ್ಲ ಅಂತ ಬರೆದುಕೊಟ್ಟರು. ಗಾಡಿಗೆ ಅಲ್ಲ, ಕಿವಿಗೆ ಬೇಕು ಸರ್ವಿಸಿಂಗು."

ಆ ಮನೆಯಲ್ಲಿ ಹಿರಿಯ ಭಾವನ ಎದುರು ನೇರವಾಗಿ ಮಾತಾಡುವ ರೂಢಿಯಿಲ್ಲ. ಶಕುಂತಲಾಬೆನ್ ತಲೆಯ ಮೇಲೆ ಸೆರಗು ಎಳೆದುಕೊಂಡು, ಟ್ರ್ಯಾಕ್ಟರಿನ ಕಡೆ ತಿರುಗಿ ಅದಕ್ಕೆ ಹೇಳಿದರು: "ಕೆಲವರು ತೂಗುಮಣೆ ಬಿಟ್ಟು ಬೇರೆ ಏನನ್ನೂ ಓಡಿಸಿಲ್ಲ ಬಿಡು."

ವಿಷಯ ನನಗೆ ಬೇಗ ಅರ್ಥವಾಯಿತು. ಗಂಡ ದಹೇಜ್ ಬಂದರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು; ಹೊಲ ನೋಡುವವರು ಈಕೆ. ಐದು ವಾರದ ಹಿಂದೆ ಹೊಸ ಟ್ರ್ಯಾಕ್ಟರ್ ಬಂದ ದಿನವೇ ಕಲಿತು, ಮಾರನೆಯ ದಿನವೇ ಬದನೆಯ ಹೊಲಕ್ಕೆ ಇಳಿಸಿದ್ದರು. ಅದು ಠಾಕೋರಭಾಯಿಗೆ ಸರಿಬರಲಿಲ್ಲ. ಸದ್ದಿನ ಮಾತು ಬಂದದ್ದೇ ತಡ ದೇವರ ಗೂಡಿನ ಮುಂದೆ ಒಂದು ಕರಾರು ಮಾಡಿಸಿದರು. ಕಂಪನಿಯವರು ಮೂರು ಸಲ 'ದೋಷವಿಲ್ಲ' ಎಂದರೆ ಸದ್ದು ಸುಳ್ಳು; ಕೀಲಿಕೈ ಭಾವನಿಗೆ; ಈಕೆ ಇನ್ನು ಸ್ಟೀರಿಂಗ್ ಮುಟ್ಟುವಂತಿಲ್ಲ. ನಮ್ಮ ಕಂಪನಿಯಲ್ಲೂ ಮೂರನೆಯ 'ದೋಷವಿಲ್ಲ' ಬಿದ್ದರೆ ಆ ದೂರಿನ ಕಡತವನ್ನು ಮತ್ತೆ ತೆರೆಯುವುದಿಲ್ಲ. ಎರಡು ಆಗಿತ್ತು. ಮೂರನೆಯವನು ನಾನು.

ಗಾಡಿಯನ್ನು ಅಂಗಳದಲ್ಲಿ ಶುರು ಮಾಡಿಸಿದೆ. ಬೆಣ್ಣೆಯ ಹಾಗೆ ಓಡುತ್ತಿತ್ತು. ರಸ್ತೆಯಲ್ಲಿ ಓಡಿಸಿದೆ, ಗೇರು ಬದಲಿಸಿದೆ, ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಗೇರ್‌ಬಾಕ್ಸಿಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು ಕೂತೆ. ಒಳಗೆ ಶುಕ್ರವಾರದ ಪೂಜೆಯಷ್ಟು ಶಾಂತಿ. ಠಾಕೋರಭಾಯ್ ತೂಗುವುದನ್ನು ನಿಲ್ಲಿಸಿ ಪ್ರೀತಿಯಿಂದ ನನ್ನತ್ತ ನೋಡತೊಡಗಿದರು. ಚಹ ತರಿಸಿದರು.

"ಸಾಹೇಬ್, ಇಲ್ಲಿ ಬರಲ್ಲ," ಎಂದರು ಶಕುಂತಲಾಬೆನ್. "ಕಾಲುವೆ ಏರಿಯ ಇಳಿಜಾರಿನಲ್ಲಿ ಬರುತ್ತೆ. ಟ್ರಾಲಿ ತುಂಬ ಗೊಬ್ಬರ ಇರಬೇಕು, ಎರಡನೇ ಗೇರಿನಲ್ಲಿ ಇರಬೇಕು, ಆಕ್ಸಿಲರೇಟರಿನಿಂದ ಕಾಲು ತೆಗೆದಿರಬೇಕು. ಆಗ ಮಾತ್ರ. ಹಿಂದೆ ಬಂದವರಿಬ್ಬರೂ ಪ್ಯಾಂಟ್ ಹೊಲಸಾಗುತ್ತೆ ಅಂತ ಗೊಬ್ಬರದ ಹತ್ತಿರ ಬರಲಿಲ್ಲ."

ನಾನು ಪ್ಯಾಂಟ್ ಮಡಿಸಿದೆ.

ಕಾಲುವೆಯ ಏರಿ ಹತ್ತಿ, ಆಚೆ ಬದಿಯಲ್ಲಿ ಇಳಿಯತೊಡಗಿದೆವು. ನಾನು ಮಡ್‌ಗಾರ್ಡಿನ ಮೇಲೆ ಕೂತಿದ್ದೆ. ಹಿಂದೆ ಗೊಬ್ಬರದ ಟ್ರಾಲಿ ಬೆನ್ನು ನೂಕುತ್ತಿತ್ತು. ಆಕೆ ಕಾಲು ತೆಗೆದರು. ಎಂಜಿನ್ ಸದ್ದು ತಗ್ಗಿತು. ಅದರ ಅಡಿಯಲ್ಲಿ, ನನ್ನ ಆಸನದ ಕೆಳಗೆ, ಯಾರೋ ಹಿತ್ತಾಳೆಯ ಪಾತ್ರೆಯನ್ನು ಉಗುರಿನಿಂದ ತಟ್ಟಿದ ಹಾಗೆ:

ಟಕ್, ಒಂದಿಷ್ಟು ಬಿಡುವು, ಟಕ್, ಇನ್ನೊಂದಿಷ್ಟು ಹೆಚ್ಚಿನ ಬಿಡುವು, ಟಕ್...

ನನಗಿಂತ ಮೊದಲು ನನ್ನ ಬೆರಳುಗಳಿಗೆ ಗೊತ್ತಾಯಿತು. ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ತಾನೇ ಓಡಿತು. ಮೂರು, ನಾಲ್ಕು. ಮೂರು, ನಾಲ್ಕು. ಹಾನಗಲ್ಲಿನ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಗಮಕದಲ್ಲಿ ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಮಾತ್ರೆ ಎಣಿಸುತ್ತಿದ್ದೆ. ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ, ಮತ್ತೆ ಮೂರು, ಮತ್ತೆ ನಾಲ್ಕು, ಒಂದು ಸಾಲಿಗೆ ಹದಿನಾಲ್ಕು. ಪಾದರಾದ ಕಾಲುವೆ ಏರಿಯ ಮೇಲೆ, ಗೊಬ್ಬರದ ಗಾಳಿಯಲ್ಲಿ, ಐದು ವಾರದ ಟ್ರ್ಯಾಕ್ಟರ್ ಭಾಮಿನಿ ಷಟ್ಪದಿ ಹೇಳುತ್ತಿತ್ತು.

"ಬಂತಾ?" ಎಂದು ಕೇಳಿದರು ಶಕುಂತಲಾಬೆನ್.

"ಬಂತು ಬೆನ್! ಇನ್ನೊಂದು ಸಲ!"

ಇನ್ನೊಂದು ಸಲ ಎನ್ನುತ್ತಾ ಎನ್ನುತ್ತಾ ಹನ್ನೊಂದು ಸಲ ಹತ್ತಿ ಇಳಿದೆವು. ನಾಲ್ಕನೆಯ ಸಲದಿಂದ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳತೊಡಗಿದೆ. ಏಳನೆಯ ಸಲದ ಹೊತ್ತಿಗೆ ನಾನು ಗುನುಗುತ್ತಿದ್ದೆ. ಇಳಿಜಾರು ಮುಗಿಯುವಲ್ಲಿ ಆಕೆ ಕ್ಲಚ್ ಒತ್ತಿದಾಗ ಟ್ರಾಲಿಯ ಕೊಂಡಿ 'ಠಣ್' ಎನ್ನುತ್ತಿತ್ತು. ಅದು ಮೂರನೆಯ ಸಾಲಿನ ಕೊನೆಯಲ್ಲಿ ಬರುವ ಗುರು! ಬೇಕಾದ ಜಾಗದಲ್ಲೇ ಬಂದು ಕೂತಿತ್ತು. ನನಗೆ ಕೈ ಮುಗಿಯಬೇಕೆನ್ನಿಸಿತು. ಯಾವುದಕ್ಕೆ ಎಂದು ತಿಳಿಯದೆ ಬಾನೆಟ್ಟಿಗೆ ಮುಗಿದೆ. ಗೊಬ್ಬರ ಮಾತ್ರ ಅರ್ಧಕ್ಕರ್ಧ ರಸ್ತೆಯ ಪಾಲಾಗಿತ್ತು.

"ಬರೆದು ಕಳಿಸುತ್ತೇನೆ," ಎಂದೆ. "ನಿಮ್ಮ ಕಿವಿ ನೂರಕ್ಕೆ ನೂರು ಸರಿ."

ಸಂಜೆ ಫತೇಗಂಜಿನಲ್ಲಿ ವಿಠ್ಠಲರ ಹೋಟೆಲಿಗೆ ಹೋದೆ. ಅವರು ಉಡುಪಿಯ ಕಡೆಯವರು. ಹಾಸ್ಟೆಲಿನ ಹುಡುಗರ ಗದ್ದಲದ ನಡುವೆಯೂ ನನಗೊಂದು ಮೂಲೆಯ ಮೇಜು ಇಟ್ಟಿರುತ್ತಾರೆ. ಗೋಳಿಬಜೆ ಬರುವಷ್ಟರಲ್ಲಿ ಫೋನಿನಲ್ಲೇ ಕಂಪನಿಯ ಫಾರಂ ತುಂಬತೊಡಗಿದೆ.

"ಎಂತ ಮಾರಾಯ್ರೆ, ಬೆರಳು ಎಂತಕ್ಕೆ ಹಾಗೆ ಕುಣಿತಾ ಉಂಟು? ವಾತವಾ?" ಎಂದರು ವಿಠ್ಠಲ.

"ಭಾಮಿನಿ," ಎಂದೆ ಬಜೆ ಬಾಯಿಗಿಟ್ಟು.

"ಯಾರದು?"

"ಷಟ್ಪದಿ ಮಾರಾಯ್ರೆ. ಟ್ರ್ಯಾಕ್ಟರಿನಲ್ಲಿ."

ಅವರು ನನ್ನ ಹಣೆ ಮುಟ್ಟಿ ನೋಡಿ, ಕಾಫಿ ಸ್ಟ್ರಾಂಗ್ ಮಾಡಿಸುತ್ತೇನೆಂದು ಒಳಗೆ ಹೋದರು.

ಫಾರಂನಲ್ಲಿ ಸದ್ದಿನ ಸ್ವರೂಪ ಎಂಬಲ್ಲಿ ಬಡಿತ, ಕೂಗು, ಉಜ್ಜಾಟ ಎಂದು ಪಟ್ಟಿ ಇತ್ತು. ಕೊನೆಗೆ 'ಇತರೆ' ಎಂಬ ಖಾಲಿ ಮನೆ. ಸರಿಯಾದ ಮಾತು ಸಿಗುವವರೆಗೆ ಇರಲಿ, ಮರೆಯದಿರಲಿ ಎಂದು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಭಾಮಿನಿ ಷಟ್ಪದಿ, 34 34' ಎಂದು ಬರೆದುಕೊಂಡೆ. ಆಮೇಲೆ ತಿದ್ದುವವನಿದ್ದೆ. ಅಷ್ಟರಲ್ಲಿ ಕಾಫಿ ಬಂತು, ಚಟ್ನಿ ಹತ್ತಿದ ಹೆಬ್ಬೆರಳು ಪರದೆಯ ಮೇಲೆ ಜಾರಿತು, ಫಾರಂ ಅಹಮದಾಬಾದಿಗೆ ಹೋಗಿಬಿಟ್ಟಿತು. ನಾನು ನೋಡಿರದ ಸಂಗತಿ ಒಂದಿತ್ತು. ಅಂಗೈಯಗಲದ ಪರದೆಯಲ್ಲಿ 'ಇತರೆ' ಎಂಬ ಮನೆ ಎರಡಿದ್ದವು. ಒಂದು ಇತರೆ ಸದ್ದು. ಅದರ ಕೆಳಗಿನದು, ಮಾಲೀಕರಲ್ಲದೆ ಗಾಡಿ ಓಡಿಸುವ ಇತರೆ ಚಾಲಕರ ಹೆಸರು. ನಾನು ಬರೆದದ್ದು ಕೆಳಗಿನದರಲ್ಲಿ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅಹಮದಾಬಾದಿನ ವಾರಂಟಿ ವಿಭಾಗದಿಂದ ಕೃಪಾ ಫೋನ್ ಮಾಡಿದಳು. ಚುರುಕಿನ ಹುಡುಗಿ, ಮಾತಾಡುತ್ತಲೇ ಟೈಪ್ ಮಾಡುತ್ತಾಳೆ.

"ಗಿರಿಧರ್‌ಭಾಯ್, ಈ ಭಾಮಿನಿಬೆನ್ ಯಾರು?"

ಗುಜರಾತಿನಲ್ಲಿ ಭಾಮಿನಿ ಎಂಬ ಹೆಸರಿನವರು ಓಣಿಗೊಬ್ಬರು ಸಿಗುತ್ತಾರೆ. ಅದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಬೆನ್ ಅಲ್ಲ ಕೃಪಾ," ಎಂದೆ.

"ಹಾಗಾದರೆ ಭಾಯ್? ಭಾಮಿನಿಭಾಯ್?"

"ಭಾಯೂ ಅಲ್ಲ. ಅದು ಷಟ್ಪದಿ."

"ಒಡಿಶಾದವರಾ? ನಮ್ಮ ಆಡಿಟರ್ ಒಬ್ಬರು ಶತಪಥಿ ಅಂತ ಇದ್ದರು."

"ಅಡ್ಡಹೆಸರಲ್ಲಮ್ಮಾ. ಷಟ್ ಅಂದರೆ ಆರು, ಪದಿ ಅಂದರೆ... ಸಿಕ್ಸ್ ಫೀಟ್."

ಕೀಬೋರ್ಡಿನ ಸದ್ದು ಕೇಳಿಸಿತು. "ಎತ್ತರ ಆರಡಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ವಯಸ್ಸು ಮೂವತ್ತನಾಲ್ಕು. ಎರಡೆರಡು ಸಲ ಯಾಕೆ ಬರೆದಿದ್ದೀರಿ?"

"ಅದು ಪದೇ ಪದೇ ಬರುತ್ತದೆ, ಅದಕ್ಕೆ."

"ಪದೇ ಪದೇ ಬರುತ್ತಾರಾ? ಲೈಸೆನ್ಸ್ ಇದೆಯಾ ಅವರಿಗೆ?"

ನನಗೆ ತಲೆ ಕೆಟ್ಟಿತ್ತು. "ಕನ್ನಡದಲ್ಲಿ ಐನೂರು ವರ್ಷಕ್ಕಿಂತ ಹಿಂದಿನಿಂದಲೂ ಇದೆ!" ಎಂದೆ.

"ಕರ್ನಾಟಕದ ಲೈಸೆನ್ಸ್," ಎಂದು ಟೈಪ್ ಮಾಡಿದಳು ಕೃಪಾ. "ಗಿರಿಧರ್‌ಭಾಯ್, ನಿಮ್ಮೂರಿನವರೇ ಅಂತ ನೀವು ಮುಚ್ಚಿಡಬಾರದು. ಬೇರೆಯವರಿಗೆ ಓಡಿಸೋಕೆ ಕೊಟ್ಟರೆ ಅದು ಬಾಡಿಗೆ ಗಾಡಿ. ಬಾಡಿಗೆ ಗಾಡಿಗೆ ವಾರಂಟಿ ಇಲ್ಲ. ಮಾಲೀಕರ ಮನೆಗೂ ಫೋನ್ ಮಾಡಿ ಕೇಳುತ್ತೇನೆ."

ಬೇಡ ಎನ್ನುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ನಾನು ತಿರುಗಿ ಮಾಡಿದೆ, ಲೈನ್ ಬಿಡುವಿರಲಿಲ್ಲ. ಆ ಹೊತ್ತಿಗೆ ಅವಳು ಹಳ್ಳಿಗೆ ಮಾತಾಡುತ್ತಿದ್ದಳು, ಹಳ್ಳಿಯಲ್ಲಿ ಫೋನೆತ್ತಿದವರು ಠಾಕೋರಭಾಯ್.

ಹತ್ತೇ ನಿಮಿಷಕ್ಕೆ ಅವರ ಕರೆ ಬಂತು. "ಸಾಹೇಬ್! ಆರಡಿ ಹೆಂಗಸು! ನಮ್ಮ ಮನೆಯ ಗಾಡಿ ಓಡಿಸುತ್ತಾಳಂತೆ! ಗಾಡಿ ಬಂದು ಐದು ವಾರ, ನಾನು ಇದೇ ಊರಲ್ಲಿದ್ದೇನೆ, ಆರಡಿ ಹೆಂಗಸು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ?" ಸಿಟ್ಟೋ ಕುತೂಹಲವೋ ಗೊತ್ತಾಗಲಿಲ್ಲ. ಹಿಂದಿನಿಂದ ಶಕುಂತಲಾಬೆನ್ ಟ್ರ್ಯಾಕ್ಟರಿಗೆ ಗಟ್ಟಿಯಾಗಿ ಹೇಳುತ್ತಿದ್ದುದು ಕೇಳಿಸಿತು: "ನಿನ್ನಾಣೆ, ನನಗೆ ಯಾವ ಭಾಮಿನಿಯೂ ಗೊತ್ತಿಲ್ಲ!" ಊರಿನ ನಾಲ್ಕಾರು ಜನ ಆಗಲೇ ಕಾಲುವೆ ಏರಿಯ ಕಡೆ ನೋಡಿಕೊಂಡು ಬರಲು ಹೊರಟಿದ್ದರಂತೆ.

ಮಧ್ಯಾಹ್ನ ವಾರಂಟಿ ಮುಖ್ಯಸ್ಥ ಸುಧೀರರ ಪತ್ರ ಬಂತು. ಒಳ್ಳೆಯ ಮನುಷ್ಯ, ಆದರೆ ಕಿವಿಗಿಂತ ಮೀಟರನ್ನು ಹೆಚ್ಚು ನಂಬುವವರು. ನಾಳೆ ಹನ್ನೆರಡಕ್ಕೆ ಅಹಮದಾಬಾದಿನ ವಟ್ವಾದ ವರ್ಕ್‌ಶಾಪಿಗೆ ಮಾಲೀಕರನ್ನೂ ಶ್ರೀಮತಿ ಭಾಮಿನಿಬೆನ್ ಷಟ್ಪದಿಯವರನ್ನೂ ಕರೆತರುವುದು. ತಪ್ಪಿದರೆ ಮೂರನೆಯ 'ದೋಷವಿಲ್ಲ' ಬರೆದು ದೂರು ಮುಚ್ಚಲಾಗುವುದು.

ನಾನೇ ನೂರಕ್ಕೆ ನೂರು ಎಂದಿದ್ದೆ. ನನ್ನ ಹೆಬ್ಬೆರಳಿನಿಂದಲೇ ಆಕೆಯ ಕೀಲಿಕೈ ಹೋಗುವುದರಲ್ಲಿತ್ತು.

ಮನೆಗೆ ಬಂದರೆ ಹೆಂಡತಿ ನಳಿನಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನ್ರೀ, ಯಾರ್ರಿ ಆಕಿ ಭಾಮಿನಿ? ವಿಠ್ಠಲ ಅವರು ಫೋನ್ ಮಾಡಿದ್ರು. ರಾಯರಿಗೆ ಯಾಕೋ ಜ್ವರ ಬಂದೈತಿ, ಯಾರೋ ಭಾಮಿನಿ ಹೆಸರು ಹೇಳಾಕತ್ತಾರ ಅಂದ್ರು."

ನಡೆದದ್ದನ್ನೆಲ್ಲ ಹೇಳಿದೆ. ಲೈಸೆನ್ಸಿನವರೆಗೆ ತಡೆದುಕೊಂಡಿದ್ದಳು, ಆರಡಿ ಎತ್ತರಕ್ಕೆ ಬಂದಾಗ ಗೋಡೆ ಹಿಡಿದು ಕೂತೇಬಿಟ್ಟಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

"ಆಕೀನ್ನ ಕರಕೊಂಡು ಬಾ ಅಂತ ಹೇಳ್ಯಾರಲ್ಲ, ಕರಕೊಂಡು ಹೋಗ್ರಿ."

"ಎಲ್ಲಿಂದ ಕರಕೊಂಡು ಹೋಗ್ಲಿ?"

"ಬಾಯಾಗಿಂದ. ಅಲ್ಲೇ ನಿಂತು ಒಂದು ಪದ್ಯ ಓದ್ರಿ. ಹಳೇವು ಬ್ಯಾಡ, ಅವರಿಗೆ ತಿಳಿಯಂಗಿಲ್ಲ. ಟ್ರ್ಯಾಕ್ಟರಿನ ಮ್ಯಾಲೆ ಒಂದು ಕಟ್ಟಿಬಿಡ್ರಿ."

"ನಾ ಎಂದಾದ್ರೂ ಓದೀನೇನ ಮಂದಿ ಮುಂದ? ನಾ ಬರೇ ಕೇಳಾಂವ."

"ಮಾವಾರು ಅಷ್ಟು ವರ್ಷ ಓದಿದ್ದು ಬರೇ ಕಂಬಕ್ಕ ಕೇಳಿಸ್ಲಿ ಅಂತನ?" ಎಂದು ಅವಳು ಒಳಗೆ ಹೋದಳು.

ಬೆಳಗಿನ ರೈಲಿನಲ್ಲಿ ಮೂವರು ಹೊರಟೆವು. ನಾನು, ಶಕುಂತಲಾಬೆನ್, ಮತ್ತು ಇಸ್ತ್ರಿಯ ಬಿಳಿ ಧೋತರ ಉಟ್ಟು ಮೀಸೆಗೆ ಎಣ್ಣೆ ಹಚ್ಚಿದ ಠಾಕೋರಭಾಯ್. ಭಾಮಿನಿಬೆನ್ನರನ್ನು ಕಣ್ಣಾರೆ ನೋಡಿಯೇ ತೀರುತ್ತೇನೆಂದು ಬಂದಿದ್ದರು. ಅಂಥ ಹೆಂಗಸಿಲ್ಲ ಎಂದು ಎಷ್ಟು ಹೇಳಿದರೂ, "ನೋಡೋಣ, ನೋಡೋಣ," ಎಂದು ಮೀಸೆ ಸವರುತ್ತಿದ್ದರು. ಶಕುಂತಲಾಬೆನ್ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಆಣಂದ ದಾಟಿದ ಮೇಲೆ ಮೆಲ್ಲಗೆ, "ಸಾಹೇಬ್, ಕೀಲಿಕೈ ತಂದಿದ್ದೇನೆ. ಕೊಡಬೇಕಾಗಿ ಬಂದರೆ ಅಲ್ಲೇ ಕೊಟ್ಟುಬಿಡುತ್ತೇನೆ. ಊರಲ್ಲಿ ಎಲ್ಲರ ಮುಂದೆ ಕೊಡೋಕೆ ನನ್ನಿಂದ ಆಗಲ್ಲ," ಎಂದರು. ಗಾಲಿಗಳ ಸದ್ದಿನ ಮೇಲೆ ಒಂದೊಂದೇ ಗಣ ಇಡುತ್ತಾ ಹೋದೆ. ಮಣಿನಗರ ಬರುವ ಹೊತ್ತಿಗೆ ಆರು ಸಾಲು ಕೂಡಿಕೊಂಡಿದ್ದವು.

ವಟ್ವಾದ ವರ್ಕ್‌ಶಾಪಿನ ಮೇಲ್ಮಹಡಿಯಲ್ಲಿ ಸುಧೀರರ ಕೋಣೆ. ಕೃಪಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಒಳಗೆ ಬಂದವರನ್ನು ಎಣಿಸಿ, ನಮ್ಮ ಬೆನ್ನ ಹಿಂದಿನ ಬಾಗಿಲನ್ನು ತುಸು ಹೊತ್ತು ನೋಡಿದಳು. ಎತ್ತರದವರು ಬಗ್ಗಿ ಬರಬಹುದೆಂದಿರಬೇಕು.

"ಭಾಮಿನಿಬೆನ್?" ಎಂದರು ಸುಧೀರ್.

"ಸಾರ್, ಮೊದಲು ಇದನ್ನು ಕೇಳಿ," ಎಂದು ಇಳಿಜಾರಿನ ಧ್ವನಿಮುದ್ರಣ ಹಾಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಲವೂ ಕೇಳಿದರು.

"ಎಂಜಿನ್. ಗಾಳಿ. ಯಾರೋ ಗುನುಗುತ್ತಿದ್ದಾರೆ."

"ಗುನುಗುವುದು ನಾನೇ ಸಾರ್. ಅದರ ಅಡಿಯಲ್ಲಿ ಇನ್ನೊಂದಿದೆ."

"ಇಲ್ಲ," ಎಂದರು ಅವರು. ಕೃಪಾ ತಲೆಯಾಡಿಸಿದಳು. ಠಾಕೋರಭಾಯ್ ಕೈಚಾಚಿ ಅಂಗೈ ಬಿಡಿಸಿ ಮೇಜಿನ ಮೇಲಿಟ್ಟರು. ಶಕುಂತಲಾಬೆನ್ ಸೆರಗಿನ ತುದಿಯ ಗಂಟು ಬಿಚ್ಚತೊಡಗಿದ್ದು ನನಗೆ ಕಂಡಿತು.

ನಾನು ಎದ್ದು ನಿಂತೆ. ಚಪ್ಪಲಿ ಕಳಚಿದೆ.

"ಭಾಮಿನಿ ಬಂದಿದ್ದಾಳೆ ಸಾರ್," ಎಂದು ಹೇಳಿ, ಅಪ್ಪನನ್ನು ನೆನೆದು ಬಾಯಿ ತೆರೆದೆ.

*ಇಳಿವ ದಾರಿಯೊಳೊಂದು ಸದ್ದಿದು*
*ಗಳಿಗೆಗೊಮ್ಮೆಯು ಕುಂಟಿ ನಡೆವುದು*
*ಕೆಳಗೆ ಗೇರಿನ ಹಲ್ಲನೆಣಿಸುತ ಮೂರು ನಾಲ್ಕೆಂದು*
*ತಿಳಿದು ಹೇಳಿದರಾರು ನಂಬರು*
*ಒಳಗೆ ನೋಡದೆ ಸುಳ್ಳೆನುವರೈ*
*ಉಳಿಸು ದೇವನೆ ಕೀಲಿಕೈಯನು ತಾಯಿ ಕೈಯಲ್ಲೇ*

ಮೊದಲ ಸಾಲಿನಲ್ಲಿ ಧ್ವನಿ ಒಡೆಯಿತು. ಎರಡನೆಯದರಲ್ಲಿ ಕೆಳಗಿನ ಲೇತ್ ಮೆಶೀನು ನಿಂತಿತು. ಮೂರನೆಯ ಸಾಲಿನ ಹೊತ್ತಿಗೆ ನಾನು ಮೇಜಿನ ಮೇಲೆ ಕೈ ತಟ್ಟುತ್ತಿದ್ದೆ, ಗಣಕ್ಕೊಂದು ತಟ್ಟು. ಇನ್ನೊಮ್ಮೆ ಮೊದಲಿನಿಂದ ಎತ್ತಿಕೊಂಡೆ. ಶಕುಂತಲಾಬೆನ್ನರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಅವರ ಕಾಲು ಮೇಜಿನಡಿಯಲ್ಲಿ ಕುಂಟತೊಡಗಿತು. ಆ ಕಾಲಿಗೆ ಆ ನಡಿಗೆ ಗೊತ್ತಿತ್ತು. ನಾನು ಓದುತ್ತಲೇ ಫೋನಿನ ಗುಂಡಿ ಒತ್ತಿದೆ. ಪದ್ಯದ ಅಡಿಯಲ್ಲಿ ಎಂಜಿನ್ ಬಂತು, ಗಾಳಿ ಬಂತು, ಅವುಗಳ ನಡುವಿನಿಂದ ಟಕ್, ಟಕ್, ನನ್ನ ಕೈ ಬಿದ್ದಲ್ಲೇ ಬೀಳುತ್ತಾ...

"ಅರೆ ಅರೆ ಅರೆ!" ಎಂದು ಠಾಕೋರಭಾಯ್ ಕುರ್ಚಿಯಿಂದ ನೆಗೆದರು. ಮೇಜಿನ ಮೇಲೆ ಚಾಚಿದ್ದ ಅಂಗೈಯ ಮೇಲೆ ಇನ್ನೊಂದು ಅಂಗೈ ತಟ್ಟುತ್ತಿತ್ತು. ಊರಿನ ಭಜನೆ ಮಂಡಳಿಯಲ್ಲಿ ಮೂವತ್ತು ವರ್ಷ ತಾಳ ಹಾಕಿದವರೆಂದು ಆಮೇಲೆ ತಿಳಿಯಿತು. "ಇದು ದೀಪ್‌ಚಂದಿ! ಮೂರು, ನಾಲ್ಕು, ಮೂರು, ನಾಲ್ಕು, ಹದಿನಾಲ್ಕು ಮಾತ್ರೆ! ಸಾಹೇಬ್, ನಿಮ್ಮ ಗಾಡಿಯೊಳಗೆ ದೀಪ್‌ಚಂದಿ ಕೂತಿದೆ!"

ಕೃಪಾ ತಕ್ಷಣ ಕೀಬೋರ್ಡ್ ಎಳೆದುಕೊಂಡಳು. "ದೀಪ್‌ಚಂದ್‌ಭಾಯ್ ಯಾರು? ಇನ್ನೊಬ್ಬ ಡ್ರೈವರಾ?"

ಸುಧೀರ್ ಮೊದಲು ನಕ್ಕರು. ಆ ಮೇಲೆ ನಾವು ಯಾರೂ ನಮ್ಮ ಹತೋಟಿಯಲ್ಲಿರಲಿಲ್ಲ. ಶಕುಂತಲಾಬೆನ್ ಸೆರಗಿನಲ್ಲಿ ಮುಖ ಮುಚ್ಚಿ ಅಲುಗಾಡುತ್ತಿದ್ದರು. ಠಾಕೋರಭಾಯ್ ನಗುತ್ತಲೇ ತಾಳ ಬಿಡದೆ ಹಾಕುತ್ತಿದ್ದರು. ಹಾಕುತ್ತಾ ಹಾಕುತ್ತಾ ತಾವು ಏನು ಹೇಳಿಬಿಟ್ಟೆವೆಂದು ಹೊಳೆಯಿತೇನೋ, ಕೈ ಗಾಳಿಯಲ್ಲೇ ನಿಂತಿತು. ಕಂಪನಿ ಮೂರನೆಯ ಸಲ ಇಲ್ಲ ಎಂದದ್ದನ್ನು ಅವರೇ ಇದೆ ಎಂದಿದ್ದರು, ಅದೂ ಹೆಸರಿಟ್ಟು.

"ಹದಿನಾಲ್ಕು ಅಂದಿರಾ?" ಎಂದರು ಸುಧೀರ್. ನಗು ಥಟ್ಟನೆ ಹೋಗಿ ಅವರೊಳಗಿನ ಎಂಜಿನಿಯರ್ ಎದ್ದಿದ್ದ. ಕಪಾಟಿನಿಂದ ಗೇರುಗಳ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಹಿಂದಿನ ಗಾಲಿಯನ್ನು ತಿರುಗಿಸುವ ಪುಟ್ಟ ಗೇರಿನ ಮೇಲೆ ಬೆರಳಿಟ್ಟರು. "ಇದಕ್ಕೆ ಹಲ್ಲು ಹದಿನಾಲ್ಕು. ಒಂದನೆಯ ಹಲ್ಲಿಗೆ ಪೆಟ್ಟಾಗಿದೆ, ಏಳನೆಯದಕ್ಕೂ ಪೆಟ್ಟಾಗಿದೆ ಅಂತಿಟ್ಟುಕೊಳ್ಳಿ. ಇಲ್ಲಿಂದ ಅಲ್ಲಿಗೆ ಆರು. ಅಲ್ಲಿಂದ ಸುತ್ತಿ ಇಲ್ಲಿಗೆ ಎಂಟು."

"ಮೂರಕ್ಕೆ ನಾಲ್ಕು," ಎಂದೆ.

"ಮತ್ತೆ ಇಳಿಜಾರಿನಲ್ಲಿ ಮಾತ್ರ ಯಾಕೆ?" ಎಂದಳು ಕೃಪಾ.

"ಇಳಿಯುವಾಗ ಎಂಜಿನ್ ಗಾಲಿಯನ್ನು ತಳ್ಳುವುದಿಲ್ಲ, ಗಾಲಿಯೇ ಎಂಜಿನನ್ನು ತಳ್ಳುತ್ತದೆ. ಹಲ್ಲಿನ ಬೆನ್ನು ತಾಗುವುದು ಆಗಲೇ. ಪೆಟ್ಟು ಬೆನ್ನಿಗಾಗಿದೆ." ಸುಧೀರ್ ಶಕುಂತಲಾಬೆನ್ನರ ಕಡೆ ತಿರುಗಿದರು. "ನಾಳೆಯೇ ಬಿಚ್ಚಿಸುತ್ತೇನೆ ಬೆನ್. ಆದರೆ ಒಳಗೆ ಏನೂ ಸಿಗದಿದ್ದರೆ ನಾನು 'ದೋಷವಿಲ್ಲ' ಅಂತಲೇ ಬರೆಯಬೇಕು."

"ಬಿಚ್ಚಿ," ಎಂದರು ಆಕೆ. ಸೆರಗಿನ ಗಂಟನ್ನು ಮತ್ತೆ ಬಿಗಿದುಕೊಂಡರು.

ಸೂರತ್ತಿನ ಬಿಡಿಭಾಗದ ಗೋದಾಮಿಗೆ ಅಲ್ಲಿಂದಲೇ ಫೋನ್ ಹೋಯಿತು. ಹೊಸ ಗೇರು ಮರುದಿನ ಮಧ್ಯಾಹ್ನದ ಬಸ್ಸಿನಲ್ಲಿ ವಡೋದರಾ ತಲುಪಿತು. ಡಿಪೋದಲ್ಲಿ ಗಾಲಿ ಕಳಚಿ, ಹಳೆಯ ಗೇರನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪೇಪರಿನ ಮೇಲಿಟ್ಟರು. ಸುಧೀರ್ ಟಾರ್ಚು ಹಿಡಿದರು, ನಾನು ಭೂತಗನ್ನಡಿ ಹಿಡಿದೆ. ಏನೂ ಕಾಣಲಿಲ್ಲ. ಹದಿನಾಲ್ಕೂ ಹಲ್ಲು ಹೊಳೆಯುತ್ತಿದ್ದವು. ಠಾಕೋರಭಾಯ್ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅವರ ಉಸಿರು ನನ್ನ ಕಿವಿಗೆ ಬಿಸಿಯಾಗಿ ತಾಗುತ್ತಿತ್ತು.

"ಸ್ವಲ್ಪ ಆಚೆ ಸರಿಯಿರಿ," ಎಂದರು ಶಕುಂತಲಾಬೆನ್. ಕಣ್ಣು ಮುಚ್ಚಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಬೆರಳ ತುದಿಯನ್ನು ಹಲ್ಲುಗಳ ಬೆನ್ನಿನ ಮೇಲೆ ಓಡಿಸಿದರು. ಒಂದು ಕಡೆ ನಿಂತರು. "ಇಲ್ಲಿ." ಮತ್ತೆ ಮುಂದೆ ಹೋದರು. ಎಲ್ಲರೂ ಬಾಯಲ್ಲೇ ಎಣಿಸುತ್ತಿದ್ದೆವು, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ. ಆರಕ್ಕೆ ಬೆರಳು ನಿಂತಿತು. "ಮತ್ತೆ ಇಲ್ಲಿ."

ಅಲ್ಲಿ ಟಾರ್ಚು ಹಿಡಿದಾಗ ಕಂಡಿತು: ಸಾಸಿವೆಯಷ್ಟು ಉಬ್ಬು. ಜೋಡಿಸುವಾಗ ಯಾರ ಕೈಯಿಂದಲೋ ಜಾರಿ ಎಲ್ಲಿಗೋ ಬಡಿದಿರಬೇಕು. ಸುಧೀರ್ ಅಲ್ಲೇ ನಿಂತು 'ದೋಷವಿದೆ, ಕಂಪನಿಯದು' ಎಂದು ಬರೆದು ಸಹಿ ಹಾಕಿದರು. ಠಾಕೋರಭಾಯ್ ತಾವೇ ಮೂರು ಸಲ ಎಣಿಸಿದರು. ಮೂರು ಸಲವೂ ಆರು ಮತ್ತು ಎಂಟೇ ಆಯಿತು.

ಭಾನುವಾರ ಹೊಸ ಗೇರಿನ ಪರೀಕ್ಷೆ. ಕಾಲುವೆ ಏರಿಗೆ ನಳಿನಿಯನ್ನೂ ಕರೆದುಕೊಂಡು ಹೋದೆ. ಟ್ರಾಲಿಗೆ ಗೊಬ್ಬರ ತುಂಬಬೇಕಾಗಿ ಬರಲಿಲ್ಲ. ಆರಡಿ ಹೆಂಗಸಿನ ಸುದ್ದಿಯನ್ನು ಮೊದಲಿಂದ ಕೊನೆಯವರೆಗೆ ಕೇಳಿದ್ದ ಅರ್ಧ ಊರು ತಾನಾಗಿ ಹತ್ತಿ ಕೂತಿತ್ತು. ಏರಿಯ ನೆತ್ತಿಯಲ್ಲಿ ಶಕುಂತಲಾಬೆನ್ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಎಲ್ಲರೂ ಉಸಿರು ಹಿಡಿದರು. ಎಂಜಿನ್ ತಗ್ಗಿತು. ಅದರ ಅಡಿಯಲ್ಲಿ ಏನೂ ಇರಲಿಲ್ಲ. ನೀರು ಹರಿದ ಹಾಗೆ ಗಾಡಿ ಇಳಿಯಿತು.

"ಛೆ," ಎಂದರು ಠಾಕೋರಭಾಯ್ ಟ್ರಾಲಿಯ ನಡುವಿನಿಂದ. "ಒಳ್ಳೆಯ ತಾಳ ಹೋಯಿತಲ್ಲ!" ತಾವೇ ಚಪ್ಪಾಳೆ ಹಾಕತೊಡಗಿದರು. ಮೂರು, ನಾಲ್ಕು. ಟ್ರಾಲಿಯಲ್ಲಿದ್ದವರು ಒಬ್ಬೊಬ್ಬರಾಗಿ ಸೇರಿಕೊಂಡರು, ನಳಿನಿ ನನ್ನ ಪದ್ಯ ಎತ್ತಿಕೊಂಡಳು, ಅದರ ಮೇಲೆ ಅವರ ಭಜನೆ ಬಂತು. ಎರಡೂ ಒಂದೇ ಗಾಡಿಯಲ್ಲಿ ಕೂತು ಊರು ಸೇರಿದವು.

ಅಂಗಳಕ್ಕೆ ಬಂದ ಮೇಲೂ ಯಾರೂ ಇಳಿಯಲಿಲ್ಲ. ಶಕುಂತಲಾಬೆನ್ ಎಂಜಿನ್ ಆರಿಸಿ, ಕೀಲಿಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, "ರೋಟ್ಲಿ ಹಾಕುತ್ತೇನೆ, ಕೈ ತೊಳೆದು ಬನ್ನಿ," ಎಂದು ಒಳಗೆ ಹೋದರು. ಹಿಂದೆ ಟ್ರಾಲಿಯಲ್ಲಿ ಠಾಕೋರಭಾಯ್ ಲಯ ಹೆಚ್ಚಿಸಿದ್ದರು.